ಅಂಗಳದ ಮೂಲೆಯ ಕೆಂಪು ಝಂಡಿ

ಪ್ಲಾಸ್ಟಿಕ್ ಹಾಳೆಯ ಮೇಲೆ ಪಟಪಟ ನೀರು, ಮಳೆಯಲ್ಲ, ನದಿ, ದೆಮೆರಾರಾದ ಕಂದು ನೀರು, ದೋಣಿಯ ಮೂತಿ ಅಲೆಯ ಮೇಲೆ ಬಿದ್ದಾಗಲೆಲ್ಲ ಹಾರಿ ಬರುವುದು, ಮುಂದಿನ ಸಾಲಿನವರೆಲ್ಲ ಒಂದೇ ಹಾಳೆಯನ್ನು ಗಲ್ಲದವರೆಗೆ ಎಳೆದುಕೊಂಡು ಕೂತಿದ್ದಾರೆ, ಒಂದೇ ಕಂಬಳಿ ಹೊದ್ದ ಮನೆಮಂದಿಯ ಹಾಗೆ, ಓಮವತಿಯೂ ಎಳೆದುಕೊಂಡಳು, ಹಾಳೆಯ ಕೆಳಗೆ ತೊಡೆಯ ಮೇಲೆ ಅರ್ಜಿ ಇದೆ, ಅದಕ್ಕೆ ನೀರು ತಾಗಬಾರದು, ಮೂರು ಸಲ ಬರೆದು ಮೂರನೆಯದನ್ನು ಉಳಿಸಿಕೊಂಡದ್ದು, ನಮ್ಮ ಮನೆ ಕೆಡವಬೇಡಿ, ಅಜ್ಜಿಗೆ ಕಣ್ಣು ಮಂದ, ಬೇರೆ ಜಾಗದಲ್ಲಿ ಆಕೆಗೆ ಬಾಗಿಲು ಎಲ್ಲಿದೆ ಎಂದು ತಿಳಿಯುವುದಿಲ್ಲ — ಇಷ್ಟೇ, ಇಷ್ಟು ಬರೆಯಲು ಇಪ್ಪತ್ತು ದಿನ, ಇಂದು ಇಪ್ಪತ್ತೊಂದನೆಯದು, ಕೊನೆಯದು, ನೋಟಿಸಿನಲ್ಲಿ ಹಾಗೇ ಇದೆ, ನಾಲ್ಕು ಪಥದ ಹೊಸ ರಸ್ತೆಗೆ ಆಕ್ಷೇಪಣೆ ಇದ್ದವರು ಇಪ್ಪತ್ತೊಂದು ದಿನದೊಳಗೆ ಖುದ್ದಾಗಿ ಬರತಕ್ಕದ್ದು, ಖುದ್ದಾಗಿ ಎಂಬ ಪದ ಓದಿದಾಗಲೇ ನೋಟಿಸು ಮಡಚಿಟ್ಟಿದ್ದಳು, ಹದಿಮೂರಕ್ಕೆ ಶಾಲೆ ಬಿಟ್ಟವಳು ಖುದ್ದಾಗಿ ಹೋಗಿ ಯಾರೆದುರು ನಿಲ್ಲುವುದು, ಪಕ್ಕದಲ್ಲಿ ಯುಲಾಲಿ ಆಂಟಿ ಇಲ್ಲದಿದ್ದರೆ ದೋಣಿಕಟ್ಟೆಯಿಂದಲೇ ತಿರುಗಿ ಹೋಗುತ್ತಿದ್ದಳು. ಹಾಳೆ ನೆಟ್ಟಗೆ ಹಿಡ್ಕೊಳ್ಳೇ ಹುಡುಗಿ, ಚರ್ಚಿನ ಟೋಪಿ ಹಾಕಿದೀನಿ, ಆಫೀಸಿನೋರಿಗೆ ಮೊದಲು ನನ್ನ ಟೋಪಿ ಕಾಣ್ಲಿ, ಆಮೇಲೆ ನನ್ನ ಬಾಯಿ ಕೇಳ್ಲಿ. ಯುಲಾಲಿ ಆಂಟಿಯ ಮನೆ ಕಾಲುವೆಯ ಆಚೆ ದಂಡೆಯಲ್ಲಿ, ನಡುವೆ ಒಂದು ಹಲಗೆ, ಆ ಹಲಗೆಯ ಮೇಲೆ ಬಿಸಿ ಬ್ರೆಡ್ಡು ಈಚೆಗೆ ಬಂದಿದೆ, ಪೂಜೆಯ ಪ್ರಸಾದ ಆಚೆಗೆ ಹೋಗಿದೆ, ಚುನಾವಣೆಯ ತಿಂಗಳು ಮಾತ್ರ ಯಾರೂ ದಾಟುವುದಿಲ್ಲ, ಆ ತಿಂಗಳು ಅವರು ಕರಿಯರು ಇವರು ಕೂಲಿಗಳ ಮಕ್ಕಳು, ಬೆರಳಿನ ಮಸಿ ಮಾಸಿದ ಮೇಲೆ ಮತ್ತೆ ಬ್ರೆಡ್ಡು, ಮತ್ತೆ ಪ್ರಸಾದ. ನಮ್ಮೋರ ಸರ್ಕಾರ ಇದ್ದಾಗ ನೀವು ಕೂಗಾಡಿದ್ರಿ, ಈಗ ನಿಮ್ಮೋರದ್ದು ಬಂತು ನಾವು ಕೂಗಾಡ್ತೀವಿ, ರಸ್ತೆ ಗೂಟ ಹೊಡೆಯೋನಿಗೆ ಮಾತ್ರ ಎರಡು ಬಾಗಿಲೂ ಒಂದೇ ನೋಡು, ಅಂದಿದ್ದಳು ಆಂಟಿ, ಹಲಗೆಯ ಮೇಲೆ ನಿಂತು, ಅಕ್ಕಪಕ್ಕದ ಎರಡು ಮನೆಯೋರು ಒಟ್ಟಿಗೆ ಬರೆದು ಕೊಟ್ರೆ ರಸ್ತೆ ಗೆರೆ ಇನ್ನೊಂದ್ಸಲ ನೋಡ್ಲೇಬೇಕಂತೆ, ಒಂದೇ ಮನೆ ಆದ್ರೆ ಕಸದ ಬುಟ್ಟಿ, ನಮ್ಮ ಅಣ್ಣನ ಮಗ ಕೋರ್ಟಲ್ಲಿ ಕೆಲಸ ಮಾಡ್ತಾನಲ್ಲ ಅವನೇ ಹೇಳಿದ್ದು, ಬರ್ತೀಯೋ ಇಲ್ವೋ. ಅವಳು ತಲೆಯಾಡಿಸಿದ್ದಳು. ಅವಳು ಯಾವಾಗಲೂ ತಲೆಯಾಡಿಸುತ್ತಾಳೆ, ಅದೇ ಅವಳ ರೋಗ, ಅವತ್ತೂ ಹಾಗೇ ಆದದ್ದು —

ಅವತ್ತು ಆಜಿ, ಅಪ್ಪನ ಅಮ್ಮ, ಮಂದಿರಕ್ಕೆ ಹೋಗಿದ್ದಳು, ಓಮವತಿ ಅಕ್ಕಿ ತೊಳೆಯುತ್ತಿದ್ದಳು, ಕಿತ್ತಳೆ ಬಣ್ಣದ ಮೇಲಂಗಿಯ ಮೂವರು ಅಂಗಳಕ್ಕೆ ಬಂದರು, ಮೂರು ಕಾಲಿನ ದುರ್ಬೀನು ನೆಟ್ಟು ಒಬ್ಬ ಒಕ್ಕಣ್ಣಿನಲ್ಲಿ ನೋಡಿದ, ಮನೇಲಿ ದೊಡ್ಡೋರು ಇಲ್ವಾ ತಂಗಿ, ಇಲ್ಲ ಎಂದು ತಲೆಯಾಡಿಸಿದಳು, ಗೂಟ ಮುಗಿದುಹೋಗಿದೆ ಕಣೋ ಎಂದ ಇನ್ನೊಬ್ಬ, ಬೇಲಿಯಿಂದ ಮಣಿಕಟ್ಟಿನ ದಪ್ಪದ ಒಂದು ಹಸಿ ಕೊಂಬೆಯನ್ನು ಕಡಿದ, ಆಜಿಯ ಬೇಲಿ, ಆಜಿ ನೆಟ್ಟು ಬೆಳೆಸಿದ ಬೇಲಿ, ತುದಿ ಚೂಪು ಮಾಡಿ ಅಂಗಳದ ಮೂಲೆಯಲ್ಲೇ ಹೊಡೆದ, ಮೇಲೆ ಒಂದು ಕೆಂಪು ಬಟ್ಟೆ ಕಟ್ಟಿದ, ನೋಟಿಸು ಕೈಗಿಟ್ಟು ಹೋದರು. ಎಲ್ಲ ಬಿಟ್ಟು ಆ ಮೂಲೆಯಲ್ಲೇ, ಝಂಡಿಗಳ ಮೂಲೆ, ಒಂದೊಂದು ಪೂಜೆಗೆ ಒಂದೊಂದು ಬಿದಿರು, ತುದಿಗೆ ದೇವರ ಬಣ್ಣದ ಬಾವುಟ, ಹನುಮಾನನಿಗೆ ಕೆಂಪು, ಒಮ್ಮೆ ನೆಟ್ಟ ಝಂಡಿಯನ್ನು ಯಾರೂ ಕೀಳುವಂತಿಲ್ಲ, ಬಟ್ಟೆ ತಾನಾಗಿ ಮಾಸಬೇಕು, ಬಿದಿರು ತಾನಾಗಿ ಮುರಿಯಬೇಕು, ಅಪ್ಪ ನೆಟ್ಟ ಕೊನೆಯದು ಹರಿದು ಈಗ ದಾರವಷ್ಟೇ ಉಳಿದಿದೆ, ಅಪ್ಪ ಸತ್ತ ಮೇಲೆ ಪೂಜೆಯೇ ಆಗಿಲ್ಲ, ಮೂರು ವರ್ಷ, ಅದೊಂದೇ ಆಜಿಯ ಕೊರಗು. ಮಧ್ಯಾಹ್ನ ಗೇಟು ದೂಡಿಕೊಂಡು ಬಂದ ಆಜಿ ನಿಂತುಬಿಟ್ಟಳು, ಪೊರೆ ಬಂದ ಕಣ್ಣಿಗೆ ಬೇರೇನೂ ಕಾಣದು, ಕೆಂಪು ಮಾತ್ರ ಕಾಣುತ್ತದೆ, ಓಮಾ, ಓ ಕೂಸೇ, ಪಂಡಿತ್ರು ಬಂದಿದ್ರಾ, ಬಜರಂಗಬಲಿ ಝಂಡಿ ಹಾಕ್ಸಿದ್ಯಾ ನನಗೆ ಹೇಳ್ದೆ. ಓಮವತಿಯ ಬಾಯಲ್ಲಿ ಗೂಟ ಎಂಬ ಪದ ಇತ್ತು, ರಸ್ತೆ ಎಂಬ ಪದ ಇತ್ತು, ಹೊರಗೆ ಬಂದದ್ದು ಹ್ಞೂಂ, ಒಂದೇ ಹ್ಞೂಂ, ಆಜಿ ಅವಳ ಮುಖ ಸವರಿ ಅತ್ತಳು, ನಿಮ್ಮಪ್ಪ ಹೋದ ಮೇಲೆ ಈ ಮನೆಗೆ ದಿಕ್ಕಿಲ್ಲ ಅಂದ್ಕೊಂಡಿದ್ದೆ ಕೂಸೇ, ನೀನಿದ್ದೀಯ. ನಾಳೆ ಹೇಳಿದರಾಯಿತು ಎಂದುಕೊಂಡಳು, ಬೆಳಗಾಗೆದ್ದು ನೋಡಿದರೆ ಆಜಿ ಹಿತ್ತಾಳೆ ಚೊಂಬಿನಲ್ಲಿ ನೀರು ಹಿಡಿದು ಗೂಟದ ಬುಡಕ್ಕೆ ಸಣ್ಣಗೆ ಹೊಯ್ಯುತ್ತಿದ್ದಾಳೆ, ತುಟಿ ಅಲುಗುತ್ತಿದೆ, ಕೆಂಪು ಬಟ್ಟೆ, ಹಿತ್ತಾಳೆ ಚೊಂಬು, ನೀರಿನ ಎಳೆ. ಒಂದು ಸಲ ಕೀಳಲು ಹೋದಳು, ಆಜಿ ನಿದ್ದೆ ಹೋಗಿದ್ದಾಗ, ಕೈಯಿಟ್ಟಳು, ಬುಡದಲ್ಲಿ ದಾಸವಾಳ ಇತ್ತು, ಕರ್ಪೂರದ ಕಪ್ಪು ಇತ್ತು, ಇದು ಗೂಟವೋ ಝಂಡಿಯೋ ಅವಳಿಗೇ ತಿಳಿಯಲಿಲ್ಲ, ಕೈ ತೆಗೆದಳು.

ಇಳೀ ಇಳೀ, ಏನು ಯೋಚ್ನೆ, ಆಂಟಿ ಮೊಣಕೈಯಿಂದ ತಿವಿದಳು, ದೋಣಿ ಕಟ್ಟೆಗೆ ಬಡಿದು ನಿಂತಿದೆ, ಮೆಟ್ಟಿಲು ಜಾರುತ್ತದೆ, ಮಾರುಕಟ್ಟೆಯ ಗಡಿಯಾರ ಗೋಪುರ ಮಾತ್ರ ಅದೇ, ಉಳಿದದ್ದೆಲ್ಲ ಯಾವ ಊರು, ನಾಲ್ಕು ವರ್ಷದ ಹಿಂದೆ ಅಪ್ಪನ ಕೈ ಹಿಡಿದು ಬಂದಾಗ ಇಲ್ಲೊಂದು ಮರದ ಮನೆ ಇತ್ತು, ಕೆಳಗೆ ಅಂಗಡಿ, ಅನಾನಸ್ ಹೂರಣದ ತ್ರಿಕೋನದ ಕಡುಬು ತಿಂದು ಕಹಿ ತೊಗಟೆಯ ತಣ್ಣನೆ ಪಾನಕ ಕುಡಿದಿದ್ದರು, ಈಗ ಅಲ್ಲಿ ಗಾಜು, ಹನ್ನೆರಡು ಮಹಡಿಯ ಗಾಜು, ಗಾಜಿನೊಳಗೆ ಆಕಾಶ, ಆಕಾಶದ ಕೆಳಗೆ ಒಬ್ಬಳು ಹಳದಿ ಚೂಡಿದಾರದ ಹುಡುಗಿ ಕಾಗದ ಎದೆಗೊತ್ತಿಕೊಂಡು ನಿಂತಿದ್ದಾಳೆ, ಯಾರಪ್ಪ ಅಂದುಕೊಂಡಳು, ತಾನೇ. ಸಮುದ್ರದ ತಳದಲ್ಲಿ ಎಣ್ಣೆ ಸಿಕ್ಕಿತು ಎಂದಾಗ ಊರಿನಲ್ಲಿ ಪಟಾಕಿ ಹೊಡೆದಿದ್ದರು, ಅಪ್ಪನೂ ಹೊಡೆದಿದ್ದ, ಇನ್ನು ಕಬ್ಬು ಕಡಿಯೋದು ತಪ್ತು ಅಂದಿದ್ದ, ತಪ್ಪಿತು, ಸಕ್ಕರೆ ಕಾರ್ಖಾನೆ ಮುಚ್ಚಿತು, ಅಪ್ಪನೂ ಕಣ್ಣು ಮುಚ್ಚಿದ. ದಪ್ಪ ಬೂಟಿನ ಬಿಳಿಯರು, ಗಾಡಿಯಲ್ಲಿ ಮಾವು ಹೆಚ್ಚಿ ಮಾರುವ ವೆನೆಜುವೆಲಾದ ಹೆಂಗಸು ಸ್ಪ್ಯಾನಿಶ್‌ನಲ್ಲಿ ಮಗುವನ್ನು ಗದರುತ್ತಾಳೆ, ಮಿನಿಬಸ್ಸಿನ ಹಾಡು ಎದೆಗೆ ಗುದ್ದುತ್ತದೆ, ಎಲ್ಲ ಕಡೆ ಕ್ರೇನು, ಕ್ರೇನಿನ ತುದಿಯಲ್ಲಿ ಕೆಂಪು ಬಟ್ಟೆ, ಅಲ್ಲೂ ಕೆಂಪು ಬಟ್ಟೆ. ನೋಡ್ಬೇಡ, ನಡಿ, ಎಂದಳು ಆಂಟಿ, ನೋಡ್ತಾ ನಿಂತ್ರೆ ನಿನ್ನ ಮೇಲೂ ಒಂದು ಹೋಟ್ಲು ಕಟ್ಬಿಡ್ತಾರೆ. ಲಕೆರಾಮ್ ಚಾಚಾ ಕಂಡರೆ ಏನು ಗತಿ, ಪಾರ್ಟಿಯ ಚಾಚಾ, ಮೊದಲು ಸೈಕಲ್ಲು ಈಗ ಬಿಳಿ ಪಿಕಪ್ಪು, ಮೊನ್ನೆ ಗೇಟಿನಲ್ಲಿ ಇಂಜಿನ್ ಆರಿಸದೆ ಹೇಳಿ ಹೋದ, ಅರ್ಜಿ ಗಿರ್ಜಿ ಅಂತ ಆ ಹೆಂಗಸಿನ ಜೊತೆ ತಿರುಗ್ಬೇಡ ಕಣಮ್ಮ, ನಮ್ಮ ಹುಡುಗ್ರೇ ಕೂತಿರೋದಲ್ವಾ ಅಲ್ಲಿ, ನಮ್ಮ ಕೈ ನಾವೇ ಕಚ್ಕೊಳ್ಳೋದಾ, ನಿಮ್ಮಪ್ಪ ಬಿಸಿಲಲ್ಲಿ ಬಾವುಟ ಹೊತ್ತೋನು, ಇದ್ದಿದ್ರೆ ನಾಚ್ಕೊಳ್ತಿದ್ದ. ಅದಕ್ಕೂ ತಲೆಯಾಡಿಸಿದ್ದಳು.

ಆಫೀಸಿನಲ್ಲಿ ತಂಪು, ಆಸ್ಪತ್ರೆಯ ಶವದ ಕೋಣೆಯಂಥ ತಂಪು, ಅಪ್ಪನನ್ನು ನೋಡಲು ಹೋದಾಗಲೂ ಹೀಗೇ ಮೈ ನವಿರೆದ್ದಿತ್ತು, ಚೀಟಿ ತೆಗೆದುಕೊಂಡು ಕೂತರು, ಕರೆದರು, ಮೇಜಿನ ಹಿಂದೆ ಅವಳದೇ ವಯಸ್ಸಿನವಳು, ಉದ್ದ ಉಗುರು, ಕೊರಳಲ್ಲಿ ಗುರುತಿನ ಚೀಟಿ, ಮೆತ್ತನೆ ಮಾತು, ಕೂತ್ಕೊಳ್ಳಿ ಆಂಟಿ, ನೀರು ಬೇಕಾ, ಬೈದಿದ್ದರೆ ವಾಸಿಯಿತ್ತು. ಆಂಟಿ ತನ್ನ ಕಾಗದ ಕೊಟ್ಟಳು, ಇವಳ ಕೈಯಿಂದ ಇವಳದನ್ನೂ ಕಿತ್ತು ಕೊಟ್ಟಳು, ಎರಡು ಮನೆ, ಅಕ್ಕಪಕ್ಕ, ನಡುವೆ ಒಂದು ಹಲಗೆ, ಬರ್ಕೊಳ್ಳಮ್ಮ, ನಿಮ್ಮ ಕಾನೂನೇ ಹೇಳುತ್ತೆ ಎರಡಾದ್ರೆ ಗೆರೆ ಮತ್ತೆ ನೋಡ್ಬೇಕು ಅಂತ. ಆ ಹುಡುಗಿ ಕಂಪ್ಯೂಟರಿನಲ್ಲಿ ಮನೆಯ ನಂಬರು ಒತ್ತಿದಳು, ಒತ್ತಿದವಳ ಮುಖ ಅರಳಿತು, ಅಯ್ಯೋ, ಈ ಮನೆಯಾ, ನೀವು ಆ ಅಜ್ಜಿ ಮೊಮ್ಮಗಳಾ, ಹಿಂದೆ ನೋಡಿ. ಹಿಂದೆ ಗೋಡೆ. ಗೋಡೆಯ ತುಂಬ ಆಜಿ. ಬಿಳಿ ಸೆರಗು ತಲೆಯ ಮೇಲೆ, ಬಗ್ಗಿದ ಬೆನ್ನು, ಗೂಟಕ್ಕೆ ಚೆಂಡುಹೂವಿನ ಮಾಲೆ, ಮೇಲೆ ಕೆಂಪು ಬಟ್ಟೆ, ಕೈಯಲ್ಲಿ ಹಿತ್ತಾಳೆ ಚೊಂಬು, ನೀರಿನ ಎಳೆ ಅರ್ಧದಲ್ಲಿ ನಿಂತಿದೆ, ಕೆಳಗೆ ದೊಡ್ಡ ಅಕ್ಷರ, ಹಿರಿಯರ ಆಶೀರ್ವಾದದೊಂದಿಗೆ ಹೊಸ ದಾರಿ. ಕಳೆದ ಮಂಗಳವಾರ, ಹೌದು, ಮಂಗಳವಾರ ಬೆಳಿಗ್ಗೆ ರಸ್ತೆಯಲ್ಲಿ ಕ್ಯಾಮೆರಾದವನೊಬ್ಬ ನಿಂತಿದ್ದ, ಅಡುಗೆಮನೆಯ ಕಿಟಕಿಯಿಂದ ಅವಳು ಕಂಡಿದ್ದಳು, ಯಾರು ಎಂದು ಕೇಳಬೇಕಿತ್ತು, ಅಪರಿಚಿತ ಗಂಡಸು, ಪರದೆ ಎಳೆದುಕೊಂಡಿದ್ದಳು. ಸರ್ವೇ ಗೂಟಕ್ಕೆ ಪೂಜೆ ಮಾಡಿದ್ದು ಇಡೀ ದೇಶದಲ್ಲಿ ಇವರೊಬ್ಬರೇ, ದೊಡ್ಡ ಸಾಹೇಬ್ರಿಗೆ ತುಂಬಾ ಇಷ್ಟ ಆಯ್ತು, ನಿಮ್ಮ ಮನೆಯಿಂದ ಒಪ್ಪಿಗೆ ಅಂತ ಬರೆದಾಗಿದೆ, ಅದಕ್ಕೇ ಈ ಅರ್ಜಿ ನೋಡಿ ನನಗೆ ಗೊಂದಲ. ಆಂಟಿಯ ಟೋಪಿ ನಿಧಾನವಾಗಿ ಇವಳ ಕಡೆ ತಿರುಗಿತು, ಟೋಪಿಯ ಕೆಳಗಿನ ಕಣ್ಣು, ಬ್ರೆಡ್ಡು ಕೊಡುವ ಕಣ್ಣಲ್ಲ, ಚುನಾವಣೆ ತಿಂಗಳಿನ ಕಣ್ಣು, ನೀವು ಪೂಜೆ ಮಾಡಿದ್ರಾ ಇದಕ್ಕೆ, ನನ್ನ ಜೊತೆ ದೋಣಿ ಹತ್ತಿ ಬಂದು, ಮನೇಲಿ ಇದಕ್ಕೆ ಹಾರ ಹಾಕಿದ್ರಾ. ಅಲ್ಲ ಆಂಟಿ, ಆಜಿಗೆ ಕಣ್ಣು ಕಾಣಲ್ಲ, ಅದು ಝಂಡಿ ಅಂದ್ಕೊಂಡಿದಾಳೆ, ನಾನೇ ಹ್ಞೂಂ ಅಂದೆ — ಇದೆಲ್ಲ ಒಳಗೇ, ಹೇಳಿದರೆ ಇಲ್ಲಿರುವವರೆಲ್ಲ ಗೋಡೆ ನೋಡಿ ನಗುತ್ತಾರೆ, ಗೋಡೆಯ ಮೇಲೆ ಆಜಿ ಬಗ್ಗಿಕೊಂಡೇ ಇದ್ದಾಳೆ, ನಗುವುದು ಅವಳಿಗೆ ಕಾಣುವುದೂ ಇಲ್ಲ. ಅವ್ಳಿಗೆ ಮಾತು ಬರಲ್ವಾ, ಆ ಹುಡುಗಿ ಆಂಟಿಯನ್ನು ಕೇಳಿದಳು. ಬರುತ್ತೆ, ಬೇಕಾದಾಗ ಬರುತ್ತೆ ಅವರಿಗೆಲ್ಲ, ಎಂದಳು ಆಂಟಿ. ಆಗ ಆ ಹುಡುಗಿಯೇ ಕನಿಕರಿಸಿದಳು, ಒಂದು ಕೆಲಸ ಮಾಡೋಣ, ಗಡುವಿನೊಳಗೇ ಬಂದಿದ್ದೀರಲ್ಲ, ನಾಳೆ ಬೆಳಿಗ್ಗೆ ನಮ್ಮೋರು ಬಂದು ಅಜ್ಜಿನೇ ಕೇಳ್ತಾರೆ, ಈ ಗೂಟ ಕೀಳ್ಲಾ ಬಿಡ್ಲಾ ಅಂತ, ಕೀಳಿ ಅಂತ ಒಂದು ಮಾತು ಅಂದ್ರೆ ಸಾಕು, ಎರಡೂ ಅರ್ಜಿ ತಗೊಂಡು ಗೆರೆ ಮತ್ತೆ ನೋಡ್ತೀವಿ, ಸರೀನಾ. ಓಮವತಿ ತಲೆಯಾಡಿಸಿದಳು.

ಹಿಂತಿರುಗುವ ದೋಣಿಯಲ್ಲಿ ಆಂಟಿ ಹಿಂದಿನ ಸಾಲಿನಲ್ಲಿ ಕೂತಳು, ಹಾಳೆಯ ಅಂಚು ಹಿಡಿಯಲು ಪಕ್ಕದಲ್ಲಿ ಯಾರೂ ಇಲ್ಲ, ನೀರು ಬಡಿಯಲಿ, ಅರ್ಜಿ ಅಲ್ಲೇ ಉಳಿಯಿತು, ಈ ಗೂಟ ಕೀಳಲಾ ಅಜ್ಜಿ, ಹಾಗೆ ಕೇಳುತ್ತಾರೆ, ಆಜಿಗೆ ಗೂಟ ಎಂದರೆ ಯಾವುದು, ಕೈ ತೋರಿಸುತ್ತಾರೆ, ಇದು, ಇದನ್ನ ಕೀಳಲಾ, ಝಂಡಿ ಕೀಳುತ್ತಾರೇನೋ ಪಾಪಿಗಳಾ, ಕೋಲನ್ನು ತಬ್ಬಿಕೊಂಡು ಕೂರುತ್ತಾಳೆ ಆಜಿ, ಅದರ ಚಿತ್ರವನ್ನೂ ತೆಗೆಯುತ್ತಾರೆ, ಇಲ್ಲ, ಇವತ್ತೇ ಹೇಳಬೇಕು, ಕಾಲು ಹೊಸಿಲು ತುಳಿಯುವ ಮೊದಲೇ, ಆಜಿ ಅದು ದೇವರದ್ದಲ್ಲ, ರಸ್ತೆಯದ್ದು, ನಾನು ಸುಳ್ಳು ಹೇಳಿದೆ, ಪಂಡಿತರು ಬರಲಿಲ್ಲ, ಈ ಮನೆಗೆ ದಿಕ್ಕಿಲ್ಲ, ಆಜಿ ಅದು ದೇವರದ್ದಲ್ಲ, ಬಾಯಿಪಾಠ ಮಾಡುತ್ತ ಬಂದಳು, ಕಟ್ಟೆಯಿಂದ ಬಸ್ಸಿಗೆ, ಬಸ್ಸಿನಿಂದ ಕಾಲುವೆಯ ದಾರಿಗೆ, ಮುಂದೆ ನಡೆಯುತ್ತಿದ್ದ ಆಂಟಿ ಒಮ್ಮೆಯೂ ತಿರುಗಲಿಲ್ಲ, ಮನೆ ಸೇರಿ ನಡುವಿನ ಹಲಗೆಯನ್ನು ತನ್ನ ದಂಡೆಗೆ ಎಳೆದುಕೊಂಡಳು, ಮರ ಕಲ್ಲಿಗೆ ಉಜ್ಜಿದ ಸದ್ದು, ಇಳಿಬಿಸಿಲು, ಗೇಟು, ಆಜಿ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಚೊಂಬು ಪಕ್ಕದಲ್ಲಿದೆ, ಬಂದ್ಯಾ ಕೂಸೇ, ಬಾ, ಬೇಗ ಬಾ, ಆಜಿ ಅದು, ಎಂದಳು ಓಮವತಿ, ಅದು, ಆಜಿ ಅವಳ ಕೈ ಹಿಡಿದೆಳೆದು ಬೆರಳನ್ನು ಕೋಲಿನ ಗೆಣ್ಣಿನ ಮೇಲಿಟ್ಟಳು, ಮುಟ್ಟಿ ನೋಡು, ನನ್ನ ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಕ್ತು, ಎಲ್ಲಾ ಕಡೆ ಬಿದಿರು ಒಣಗುತ್ತೆ, ನಮ್ಮದು ನೋಡು — ಮೆತ್ತಗೆ, ಒದ್ದೆ, ಅಕ್ಕಿಕಾಳಿನಷ್ಟು, ಬೇಲಿಯ ಹಸಿ ಕೊಂಬೆಗೆ ಇಪ್ಪತ್ತೊಂದು ದಿನದ ನೀರು, ಆಜಿಯ ಬೆರಳು ಅವಳ ಬೆರಳಿನ ಮೇಲೆ, ಮೇಲೆ ಕೆಂಪು ಬಟ್ಟೆ, ಅದು, ಅದು, ಕೆಂಪು ಬಟ್ಟೆಯ ಕೆಳಗೆ ಹಸಿರು ಚಿಗುರು, ಕೆಂಪು ಬಟ್ಟೆ, ಹಸಿರು ಚಿಗುರು