ಮೂರನೇ ವಿಭಾಗದ ಸೂಪರ್‌ವೈಸರ್

ಸಿದ್ದಲಿಂಗಪ್ಪನವರು ಮರಾಠಿ ನಾಡಿನ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಬಿಬವೇವಾಡಿಯ ಮನೆಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ವಾಷಿಂಗ್ ಮಷೀನಿನ ಪ್ಲಾಸ್ಟಿಕ್ ಬಾಗಿಲು ತಯಾರಿಸುವ ಮೂರನೇ ವಿಭಾಗಕ್ಕೆ ಸೂಪರ್‌ವೈಸರ್ ಬೇಕಾದಾಗ ಅವರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಲ್ಲೇ ಹತ್ತಿರದ ಶಿರೂರಿನ ಋಷಿಕೇಶನಷ್ಟು ಚುರುಕಾದ ಕೆಲಸಗಾರ ಕಾರ್ಖಾನೆಯಲ್ಲೇ ಇರಲಿಲ್ಲ. ಅವನ ಹೆಸರನ್ನೇ ಬರೆದು ಕಳಿಸಿದರು.

ಋಷಿಕೇಶ ಸೂಪರ್‌ವೈಸರ್ ಆದ. ಯಾರ ಕೈಯಾದರೂ ನಿಧಾನವೆನಿಸಿದರೆ ಅವನಿಗೆ ಸುಮ್ಮನೆ ನಿಲ್ಲಲು ಆಗುತ್ತಿರಲಿಲ್ಲ. ಅವರನ್ನು ಸರಿಸಿ ತಾನೇ ಮಾಡುತ್ತಿದ್ದ. ತಿಂಗಳೊಳಗೆ ಅವನೊಬ್ಬ ದುಡಿಯುವುದು, ಹದಿನೆಂಟು ಜನ ನಿಂತು ನೋಡುವುದು ರೂಢಿಯಾಯಿತು. ನೋಡುವುದರಲ್ಲಿ ಅವರಿಂದ ಯಾವ ತಪ್ಪೂ ಆಗಲಿಲ್ಲ. ಮೂರನೇ ತಿಂಗಳಿಗೆ ಋಷಿಕೇಶ ಆರು ಕಿಲೊ ಇಳಿದಿದ್ದ. ಒಂದು ಮಧ್ಯಾಹ್ನ ಆಫೀಸಿಗೆ ಬಂದು, ತನ್ನನ್ನು ಮತ್ತೆ ಮಷೀನಿಗೇ ಹಾಕಿ ಎಂದು ಮರಾಠಿಯಲ್ಲಿ ಕೇಳಿಕೊಂಡು ಅತ್ತ. ಸಿದ್ದಲಿಂಗಪ್ಪ ನೀರು ಕೊಟ್ಟರು. ಬೇರೇನು ಕೊಡಬೇಕೆಂದು ತಿಳಿಯಲಿಲ್ಲ.

ಈ ಸಲ ಅವರು ಹದಿನೆಂಟು ಜನರನ್ನೂ ಒಬ್ಬೊಬ್ಬರಾಗಿ ಕರೆದು, ತೊಡಕು ಬಂದರೆ ಮೊದಲು ಯಾರ ಹತ್ತಿರ ಹೋಗುತ್ತೀರಿ ಎಂದು ಕೇಳಿದರು. ಹದಿನಾಲ್ಕು ಜನ ಶೈಲಶ್ರೀಯ ಹೆಸರು ಹೇಳಿದರು. ಬೆಳಗಾವಿ ಕಡೆಯವಳು, ಏಳು ವರ್ಷದಿಂದ ಅದೇ ವಿಭಾಗದಲ್ಲಿ ಮಾಲು ಪರೀಕ್ಷಿಸುವವಳು. ಮೀಟಿಂಗಿನಲ್ಲಿ ಎಂದೂ ಬಾಯಿ ಬಿಡದ ಕಾರಣ ಸಿದ್ದಲಿಂಗಪ್ಪ ಆಕೆಯನ್ನು ಹಾಜರಿ ಪುಸ್ತಕದಲ್ಲಷ್ಟೇ ಕಂಡಿದ್ದರು.

ಕರೆಸಿ, ಸೂಪರ್‌ವೈಸರ್ ಆಗುತ್ತೀಯಾ ಎಂದು ಕೇಳಿದರು.

"ಆಗ್ತೀನ್ರಿ ಸರ್. ಆದ್ರ ಋಷಿಕೇಶನ ಪಗಾರ ಕಡಿಮಿ ಮಾಡಬಾರ್ದು."

"ಹುದ್ದೆ ಇಳದ್ರ ಪಗಾರನೂ ಇಳಿತದವಾ. ನಿಯಮ ಅದ."

"ಅವ ಏನ್ ಹುದ್ದೆ ಕೇಳಿದ್ದಿಲ್ರಿ. ಆರಿಸಿದವ್ರು ನೀವು."

ಸಿದ್ದಲಿಂಗಪ್ಪನವರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಋಷಿಕೇಶನ ಪಗಾರ ಇಳಿಸಬಾರದೆಂದು ಹೆಡ್ ಆಫೀಸಿಗೆ ಬರೆಯಲು ಕೂತರು. ಬದಲಾವಣೆಯ ಕಾರಣ ಎಂಬಲ್ಲಿ ಮೊದಲು 'ಆಡಳಿತದ ಅನುಕೂಲ' ಎಂದು ಬರೆದರು. ಅದನ್ನು ಹೊಡೆದುಹಾಕಿ, 'ಆರಿಸುವಾಗ ನಾನು ತಪ್ಪಿದೆ' ಎಂದು ಬರೆದರು. ಇಂಥ ಕಾರಣವನ್ನು ಹೆಡ್ ಆಫೀಸು ಅದುವರೆಗೆ ಕಂಡಿರಲಿಲ್ಲ. ಎರಡು ಸಲ ಫೋನು ಮಾಡಿ, ಇದು ನೀವೇ ಬರೆದದ್ದೇ ಎಂದು ಖಾತ್ರಿ ಮಾಡಿಕೊಂಡಿತು. ಪಗಾರ ಉಳಿಯಿತು.

ಸೂಪರ್‌ವೈಸರ್ ಆದ ಶೈಲಶ್ರೀ ಋಷಿಕೇಶನಿಗೆ, ಇಬ್ಬಿಬ್ಬರಂತೆ ಎಲ್ಲರಿಗೂ ಕೆಲಸ ಕಲಿಸಲು ಹೇಳಿದಳು. ಬಾಯಲ್ಲಿ ಹೇಳಬೇಕು, ಕೈ ಹಚ್ಚಬಾರದು. ಮೊದಲ ದಿನ ಅವನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ದೀಪಾವಳಿಯ ಹೊತ್ತಿಗೆ ವಿಭಾಗದಲ್ಲಿ ಎಲ್ಲರೂ ದುಡಿಯುತ್ತಿದ್ದರು, ಅವನ ಮೈಯೂ ತುಂಬಿಕೊಂಡಿತ್ತು.

ಆ ವರ್ಷ ಸಿದ್ದಲಿಂಗಪ್ಪನವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಹೆಂಡತಿ ಕಲ್ಲವ್ವ ಯಾಕೆಂದು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದರು. ಬರೆದದ್ದು ಸರಿಯಾಗೇ ಇದೆ, ಮುಂದಿನ ಸಲ ಕಳಿಸುವ ಮೊದಲು ತನಗೊಮ್ಮೆ ಓದಿ ಹೇಳಿ ಅಂದಳು ಆಕೆ.