ಗುರುಶಾಂತಪ್ಪನವರ ಹಣೆ

ಗುರುಶಾಂತಪ್ಪನವರು ಕತ್ತು ಬಗ್ಗಿಸಿದ್ದನ್ನು ಕುಮಾರಸ್ವಾಮಿ ಲೇಔಟಿನಲ್ಲಿ ಯಾರೂ ಕಂಡವರಿಲ್ಲ. ನೆಲಕ್ಕೆ ಬಿದ್ದ ನಾಣ್ಯವನ್ನು ಎತ್ತಿಕೊಳ್ಳಬೇಕಾದರೂ ಮೊಣಕಾಲು ಮಡಿಸಿ, ಬೆನ್ನನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು ಕುಳಿತು, ಕೈಯಲ್ಲೇ ತಡಕಾಡಿ ಹುಡುಕಿ, ಹಾಗೆಯೇ ಮೇಲೇಳುತ್ತಾರೆ. ಪರಿಚಯವಿಲ್ಲದವರು ಇದನ್ನು ಗರ್ವವೆಂದುಕೊಳ್ಳುವುದುಂಟು. ನಿಜವಾದ ಕಾರಣ ವಿಭೂತಿ. ಬೆಳಗಿನ ಲಿಂಗಪೂಜೆ ಮುಗಿಸಿ, ನೀರಿನಲ್ಲಿ ತೇಯ್ದ ಭಸ್ಮವನ್ನು ಮೂರು ಬೆರಳಿನಿಂದ ಹಣೆಯುದ್ದಕ್ಕೂ ಎಳೆದರೆಂದರೆ, ರಾತ್ರಿ ಅಂಗಡಿಯ ಬಾಗಿಲೆಳೆಯುವವರೆಗೆ ಆ ಗೆರೆಗಳು ಬಿರುಕು ಬಿಡಕೂಡದು, ಬೆವರಿಗೆ ಕರಗಕೂಡದು. ಅದಕ್ಕಾಗಿಯೇ ತುಂಬಿದ ಕೊಡ ಹೊತ್ತವರಂಥ ಆ ನಡಿಗೆ; ಅದಕ್ಕಾಗಿಯೇ ಹಣೆಯನ್ನು ಬಿಟ್ಟು ಮುಖದ ಮಿಕ್ಕ ಭಾಗವನ್ನಷ್ಟೇ ಒತ್ತಿಕೊಳ್ಳುವ, ನಾಲ್ಕಾಗಿ ಮಡಿಸಿದ ಕರವಸ್ತ್ರ.

ಬಸ್ ಸ್ಟಾಪಿನ ಎದುರಿಗೆ ಅವರದು ಪೂಜಾ ಸಾಮಾನಿನ ಅಂಗಡಿ. ಬೇಸಿಗೆಯಲ್ಲೂ ಬಿಚ್ಚದ, ತೋಳಿಲ್ಲದ ಖಾದಿ ಕೋಟು ತೊಟ್ಟು ಗಲ್ಲಾದ ಹಿಂದೆ ಕುಳಿತ ಅವರು ಯಾವ ಪ್ರಶ್ನೆಗೂ ಹೌದೆನ್ನರು, ಇಲ್ಲವೆನ್ನರು. ಕರ್ಪೂರ ಕಡಿಮೆ ಮಾಡಿ ಎಂದರೂ, ಮೊನ್ನೆಯ ತೆಂಗಿನಕಾಯಿ ಕೆಟ್ಟಿತ್ತು ಎಂದರೂ, ಉತ್ತರ ಒಂದೇ: "ನೋಡೋಣ ಬಿಡಿ." ಆ ಎರಡು ಪದಗಳಲ್ಲಿ ಎಷ್ಟೋ ಜನರ ಅಹವಾಲುಗಳು ಸದ್ದಿಲ್ಲದೆ ಸಮಾಧಿಯಾಗಿವೆ.

ಆ ಮೂರು ಗೆರೆಗಳ ಕೆಳಗೆ ಹಣೆ ಕಪ್ಪಿಟ್ಟು, ದೊರಗಾಗಿ, ಹೊಟ್ಟು ಹೊಟ್ಟಾಗಿ ಏಳುತ್ತಿತ್ತೆಂಬುದು ಮನೆಯವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅವರು ದಿನವೂ ಸ್ನಾನದಲ್ಲಿ ತೆಂಗಿನ ನಾರಿನಿಂದ ಹಣೆಯನ್ನು ಪಾತ್ರೆ ಬೆಳಗಿದಂತೆ ಬೆಳಗುತ್ತಿದ್ದರು. ಬೆಳಗಿದಷ್ಟೂ ಅದು ಕಪ್ಪಾಗುತ್ತಿತ್ತು. ಕೊನೆಗೆ ಸೊಸೆ ಶಿಲ್ಪಶ್ರೀ ಹಟ ಹಿಡಿದು ಜಯನಗರದ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ನಾರನ್ನು ಬಿಡಿಸಿದರು, ಕೆಂಪು ಇಳಿಯಲೆಂದು ಮುಲಾಮು ಕೊಟ್ಟರು, ಆಮೇಲೆ ಸೀರಂ ಎಂಬ ದ್ರವದ ಒಂದು ಪುಟ್ಟ ಸೀಸೆಯ ಹೆಸರು ಬರೆದರು. ಜೊತೆಗೆ, ಗುಣವಾಗುವ ತನಕ ತಾವು ಹೇಳಿದ್ದನ್ನು ಬಿಟ್ಟು ಹಣೆಗೆ ಬೇರೇನೂ, ವಿಭೂತಿಯನ್ನೂ ಸಹ, ಹಚ್ಚಕೂಡದೆಂದರು.

"ಆಸಿಡ್ ಅಂತ ಬರ್ದಿದೆಯಲ್ಲಮ್ಮ ಇದ್ರ ಮೇಲೆ. ಬಾತ್‌ರೂಮ್ ತೊಳೆಯೋದಾ?"

"ಮೊಸರು ಹುಳಿಯಾಗುತ್ತಲ್ಲ ಮಾವ, ಆ ಹುಳಿ ಜಾತೀದು. ಲ್ಯಾಕ್ಟಿಕ್ ಆಸಿಡ್. ಉಜ್ಜೋದೇ ಬೇಡ, ಸತ್ತಿರೋ ಚರ್ಮ ತಾನಾಗೇ ಬಿಟ್ಕೊಳ್ಳುತ್ತೆ."

"ಅಷ್ಟು ಒಳ್ಳೇದಾದ್ರೆ ದಿನಾ ಹಚ್ಚೋಣ."

"ಬೇಡಿ. ವಾರಕ್ಕೆ ಎರಡೇ ಸಲ. ಅವಸರ ಮಾಡಿದ್ರೆ ಚರ್ಮ ಮುನಿಸ್ಕೊಳ್ಳುತ್ತೆ."

ಗುರುಶಾಂತಪ್ಪನವರು ಆಚಾರನಿಷ್ಠರು, ನಿಷ್ಠೆಗೆ ಹೊಸದೊಂದು ವಿಧಿ ಸಿಕ್ಕಿತು. ಮುಖ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗುವವರೆಗೆ ಕಾದು, ಅಂಗೈಗೆ ಕೆಲವೇ ಹನಿ ಬಿಟ್ಟುಕೊಂಡು, ಕಣ್ಣಿನ ಸುತ್ತ ಬಿಟ್ಟು ಹಣೆಗೂ ಕೆನ್ನೆಗೂ ಗದ್ದಕ್ಕೂ ಸವರಿ, ಮೇಲೆ ಕ್ರೀಮು; ಬೆಳಿಗ್ಗೆ ತಪ್ಪದೆ ಸನ್‌ಸ್ಕ್ರೀನು. ಮೊದಲ ದಿನ ಚುರುಗುಟ್ಟಿದಾಗ ಷಡಕ್ಷರಿ ಮಂತ್ರ ಜಪಿಸಿದರಂತೆ. ಹೆಂಡತಿ ಶಿವಬಸಮ್ಮ ಬಾಗಿಲಲ್ಲಿ ನಿಂತು, "ಮದ್ವೆ ಗಂಡು ರೆಡಿಯಾದ್ರಾ?" ಎಂದು ಕೀಟಲೆ ಮಾಡಿದರೆ, "ನೋಡೋಣ ಬಿಡು" ಎನ್ನುತ್ತಿದ್ದರು.

ಕಷ್ಟವಾದದ್ದು ಬರಿ ಹಣೆ. ವಿಭೂತಿಯನ್ನು ತೋಳಿಗೂ ಕೊರಳಿಗೂ ಧರಿಸಿ ಅಂಗಡಿಗೆ ಬಂದ ಅವರನ್ನು ಹಳೆಯ ಗಿರಾಕಿಗಳೇ ಗುರುತು ಹಿಡಿಯದೆ, "ಯಜಮಾನ್ರು ಇಲ್ವಾ?" ಎಂದು ಅವರನ್ನೇ ಕೇಳಿದರು. ಗುರುತು ಹಿಡಿದವರು ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಅದನ್ನೂ ಸಹಿಸಿದರು. ತಿಂಗಳುಗಳು ಕಳೆದವು. ದೊರಗು ಉದುರಿತು, ಕಪ್ಪು ತಿಳಿಯಾಯಿತು, ಕನ್ನಡಿಯೊಳಗೆ ಅವರ ತಂದೆಯ ಹಣೆಯಂಥದೇ ನುಣುಪಾದ ಗೋಧಿವರ್ಣದ ಹಣೆಯೊಂದು ಕಾಣಿಸಿಕೊಂಡಿತು. ಡಾಕ್ಟರು ಒಪ್ಪಿಗೆ ಕೊಟ್ಟ ಸೋಮವಾರವೇ ತಮ್ಮ ಅಂಗಡಿಯ ವಿಭೂತಿಗಟ್ಟಿ ತೇಯ್ದು, ಮೂರು ಬೆರಳೆಳೆದು, ರಾಜನಂತೆ ಹೊರಟರು. ಮಧ್ಯಾಹ್ನದೊಳಗೆ ಹಣೆ ಕೆಂಡವಾಗಿತ್ತು.

"ನಿನ್ನ ಆಸಿಡ್ಡು ನನ್ನ ಹಣೆ ಸುಟ್ಟುಹಾಕ್ತು ಕಣಮ್ಮ!" ಎಂದು ಮನೆಗೆ ಬಂದವರೇ ಕೂಗಿದರು. ಆ ಮನೆಯಲ್ಲಿ ಅವರು ಸೊಸೆಯ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಶಿಲ್ಪಶ್ರೀಯ ಕಣ್ಣಲ್ಲಿ ನೀರು ಬಂತು. ಬುದ್ಧಿ ಮಾತ್ರ ಕದಡಲಿಲ್ಲ. ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿದಳು. "ಸೀರಂ ಮುಖಕ್ಕೆಲ್ಲ ಹಚ್ಚಿದ್ದೀರಿ ಮಾವ. ಕೆನ್ನೆ ಉರೀತಿದೆಯಾ? ಗದ್ದ? ಎಲ್ಲೆಲ್ಲಿ ಕೆಂಪಾಗಿದೆ ನೀವೇ ನೋಡಿ. ಮೂರು ಗೆರೆ ಇದ್ದ ಕಡೆ ಮಾತ್ರ."

ಗುರುಶಾಂತಪ್ಪನವರು ಅಂದು ಊಟ ಮಾಡಲಿಲ್ಲ.

ಆದರೂ ಅವರು ವ್ಯಾಪಾರಸ್ಥರು, ಒರೆಗೆ ಹಚ್ಚದೆ ಏನನ್ನೂ ಒಪ್ಪುವವರಲ್ಲ. ಉರಿ ಶಮನವಾಗುವ ತನಕ ಕಾದು, ಸೀರಂ ನಿಲ್ಲಿಸಿ, ಊರ ಮಠದಲ್ಲಿ ಬೆರಣಿ ಸುಟ್ಟು ಮಾಡುವ ಗಟ್ಟಿಯೊಂದನ್ನು ತರಿಸಿದರು. ಅದು ಬೂದು ಬಣ್ಣದ್ದು, ವಾಸನೆಯಿಲ್ಲದ್ದು. ಹಣೆಯ ಬಲಕ್ಕೆ ಆ ಬೂದು, ಎಡಕ್ಕೆ ತಮ್ಮ ಅಂಗಡಿಯ ಹಾಲಿನಂಥ ಬಿಳುಪು, ನಡುವೆ ಗಡಿ. ಹಾಗೆಯೇ ಗಲ್ಲಾದಲ್ಲಿ ಕುಳಿತರು. "ಏನ್ ಅಂಕಲ್, ಟೂ-ಇನ್-ಒನ್ನಾ?" ಎಂದು ಕಾಲೇಜು ಹುಡುಗಿಯರು ನಕ್ಕರು. ವಾರ ಮುಗಿಯುವುದರೊಳಗೆ ಎಡಭಾಗ ಕೆರಳಿ ಕೆಂಪಾಯಿತು; ಬಲಭಾಗ ತಣ್ಣಗೆ ಕುಳಿತಿತ್ತು.

ಶಿವರಾತ್ರಿ ಹತ್ತಿರವಿತ್ತು. ವರ್ಷದ ದೊಡ್ಡ ವ್ಯಾಪಾರ. ಮಾಲು ಪೂರೈಸುವ ಸೋಮನಾಥ್ ಆಗಲೇ ವಿಭೂತಿಗಟ್ಟಿಯ ಮೂಟೆಗಳನ್ನು ಇಳಿಸಿ ಹೋಗಿದ್ದ. ಗುರುಶಾಂತಪ್ಪನವರು ಅವನಿಗೆ ಫೋನ್ ಮಾಡಿದರು.

"ಇದಕ್ಕೆ ಏನೇನ್ ಹಾಕ್ತೀಯೋ?"

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕಣ್ಣ? ಚಾಕ್ ಪೌಡ್ರು, ಒಂಚೂರು ಸೆಂಟು."

"ಬೂದಿ?"

ಸೋಮನಾಥ್ ನಕ್ಕ. "ಬೂದಿ ಹಾಕಿದ್ರೆ ಕಪ್ಪಾಗಲ್ವಾ? 'ಇನ್ನೂ ಬೆಳ್ಳಗಿರೋದು ಕಳ್ಸು' ಅಂತ ನೀವೇ ಅಲ್ವಾ ಅಂದಿದ್ದು?"

ಹೌದು, ಅವರೇ ಅಂದದ್ದು. ಗಿರಾಕಿಗಳು ಅವರಿಗೆ ಅಂದಿದ್ದರು, ಅವರು ಸೋಮನಾಥನಿಗೆ ಅಂದಿದ್ದರು. ಅಕ್ಕಿ ಬೆಳ್ಳಗಿರಬೇಕು, ಬೆಲ್ಲ ಬೆಳ್ಳಗಿರಬೇಕು, ಮನೆಗೆ ಬರುವ ಸೊಸೆ ಬೆಳ್ಳಗಿರಬೇಕು ಎನ್ನುವ ನಾವು, ಸುಟ್ಟು ಉಳಿದ ಬೂದಿಯನ್ನಾದರೂ ಅದರ ಪಾಡಿಗೆ ಬಿಡಬಹುದಿತ್ತು. ಬಿಡಲಿಲ್ಲ. ದೇಹದ ನಶ್ವರತೆಯನ್ನು ನೆನಪಿಸಬೇಕಾದ ವಸ್ತುವಿಗೆ ಸೀಮೆಸುಣ್ಣ ಬೆರೆಸಿ, ಸೆಂಟು ಹೊಡೆದು, ಭಕ್ತಿಯಿಂದ ಹಣೆಗಿಟ್ಟುಕೊಂಡೆವು. ಮಾರಿದವನ ಪಾಪ ದೊಡ್ಡದು. ಬಣ್ಣ ನೋಡಿ ಕೊಂಡವರೂ ಅದರಲ್ಲಿ ಪಾಲುದಾರರೇ.

ಮೂಟೆಗಳು ಬಿಚ್ಚದೆಯೇ ಹಿಂದಿರುಗಿದವು. ಇವರು ಕೊಟ್ಟಿದ್ದ ಮುಂಗಡವನ್ನು ಸೋಮನಾಥ್ ಮರಳಿಸಲಿಲ್ಲ, ಇವರೂ ಕೇಳಲಿಲ್ಲ. ಶಿವರಾತ್ರಿಯ ದಿನ ಅಂಗಡಿಯ ಮುಂದಿದ್ದದ್ದು ಮಠದಿಂದ ಬಂದ ಬೂದು ಗಟ್ಟಿಗಳು ಮಾತ್ರ. "ಇದೇನ್ರೀ, ಸಿಮೆಂಟ್ ಇದ್ದ ಹಾಗಿದೆ!" ಎಂದವರಿಗೆಲ್ಲ "ಬೂದಿ ಇರೋದೇ ಹೀಗೆ ಮೇಡಂ" ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಜನ ಪಕ್ಕದ ಅಂಗಡಿಗೆ ನಡೆದರು. ಅಲ್ಲಿ ಹಾಲು ಬಿಳುಪು ಬೇಕಾದಷ್ಟಿತ್ತು, ಸಂಜೆಯೊಳಗೆ ಖಾಲಿಯೂ ಆಯಿತು.

ಹಬ್ಬ ಕಳೆದ ಮೇಲೆ, ಒಂದು ಗಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಂಡು ಅವರು ಹಿಂದಿನ ರಸ್ತೆಯ ಜಯಶೀಲಮ್ಮನವರ ಮನೆಗೆ ಹೋದರು. ಆಕೆ ಬಹಳ ವರ್ಷದ ಗಿರಾಕಿ. ವಿಭೂತಿ ಇಟ್ಟರೆ ಹಣೆ ತುರಿಸುತ್ತದೆಂದು ಹಲವು ಸಲ ಹೇಳಿದವರು. ಗುರುಶಾಂತಪ್ಪನವರು ಪ್ರತಿ ಸಲವೂ ನೋಡೋಣ ಬಿಡಿ, ಮೈ ಹೀಟಾಗಿರಬೇಕು, ಎಳನೀರು ಕುಡೀರಿ ಎಂದು ಕಳಿಸಿದ್ದರು. ಈಗ ನಡೆದದ್ದನ್ನೆಲ್ಲ ಹೇಳಿ ಗಟ್ಟಿಯನ್ನು ಮುಂದಿಟ್ಟರು. ಆಕೆ ಅದನ್ನು ಮುಟ್ಟಲಿಲ್ಲ.

"ನನ್ನ ಹಣೆ ಉರಿದಾಗ ಎಳನೀರು. ನಿಮ್ಮ ಹಣೆ ಉರಿದಾಗ ಅಂಗಡಿ ಮಾಲೇ ಚೇಂಜು. ಅಲ್ವಾ ಗುರುಶಾಂತಪ್ನೋರೆ?"

ಎಂದಿನ ಎರಡು ಪದಗಳು ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡರು. "ಹೌದಮ್ಮ" ಎಂದರು. ಆಕೆ "ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದು ಒಳಗೆ ಹೋದರು. ಗಟ್ಟಿ ಮೇಜಿನ ಮೇಲೇ ಇತ್ತು.

ಗುರುಶಾಂತಪ್ಪನವರಂಥವರ ಮೇಲೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಪರರು ಬಾಯಿಬಿಟ್ಟು ಹೇಳಿದ ನೋವನ್ನು ನಂಬದೆ, ಅದು ತಮ್ಮ ಮೈಗೇ ಬಂದು ತಟ್ಟುವವರೆಗೆ ಕಾಯುವವರು ಅವರು, ಮತ್ತು ಆ ಕಾಯುವಿಕೆಯ ಬೆಲೆಯನ್ನು ತೆರುವವರು ಬೇರೆಯವರು. ಆದರೆ ಲೋಕದ ಲೆಕ್ಕದಲ್ಲಿ ಅವರಿಗೂ ಒಂದು ಸ್ಥಾನ ಕೊಡಬೇಕಾಗುತ್ತದೆ. ಏಕೆಂದರೆ ಉರಿ ಎಲ್ಲರ ಮನೆಗೂ ಒಂದಲ್ಲ ಒಂದು ದಿನ ಬರುತ್ತದೆ. ಬಂದಾಗ ಹೆಚ್ಚಿನವರು ತಮ್ಮಷ್ಟಕ್ಕೆ ಮುಲಾಮು ಸವರಿಕೊಂಡು, ಅದೇ ಸರಕನ್ನು ಅದೇ ನಗುವಿನಿಂದ ತೂಗಿ ಕೊಡುತ್ತಾರೆ. ತಮಗಾದ ಉರಿಯಿಂದ ಇನ್ನೊಬ್ಬರ ಬಾಗಿಲಿಗೆ ದಾರಿ ಕಂಡುಕೊಂಡು, ಹೇಳಬೇಕಾದವರು ಹೇಳುವುದನ್ನೆಲ್ಲ ಕೂತು ಕೇಳಿಸಿಕೊಳ್ಳುವವರು ತಡವಾಗಿಯೇ ಹೊರಡುತ್ತಾರೆ, ಆದರೂ ಹೊರಡುತ್ತಾರೆ.