ಸಾಸ್ವೆಹಳ್ಳಿ ಯಾವ ತಾಲ್ಲೂಕು?

ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ ಕೊಟ್ರೇಶನಿಗೆ ಆ ಸೋಮವಾರ ಸಿ ಗ್ರೇಡ್ ಬಂತು. ನಲವತ್ತೆರಡು ವರ್ಷದ ಗಂಡಸಿಗೆ ಗ್ರೇಡ್ ಕೊಡುವವರು ಯಾರಪ್ಪ ಅನ್ನಬೇಡಿ. ಪಟ್ಟಿಯಲ್ಲಿದ್ದ ಹೆಸರು ಪಕ್ಕದ ಮನೆ ಬಸವರಾಜಪ್ಪನ ಮಗಳು, ಏಳನೇ ಕ್ಲಾಸಿನ ಅರ್ಪಿತಾಳದು. ಆದರೆ ನ್ಯಾಮತಿ ತಾಲ್ಲೂಕಿನ ನಕ್ಷೆಯ ಆ ಚಾರ್ಟ್ ಬರೆದವನು ಕೊಟ್ರೇಶ. ಊರಿನ ಮೂರು ಶಾಲೆಗಳ ಪ್ರಾಜೆಕ್ಟುಗಳು ಹುಟ್ಟುತ್ತಿದ್ದದ್ದೇ ಅವನ ಅಂಗಡಿಯ ಮೇಜಿನ ಮೇಲೆ. ಹೂವಿನ ಭಾಗಗಳು, ಸೌರವ್ಯೂಹ, ಥರ್ಮೋಕೋಲಿನ ಮಳೆನೀರು ಕೊಯ್ಲು, ಏನೇ ಆಗಲಿ, ಇವತ್ತು ಹೇಳಿದರೆ ನಾಳೆ ಸಿದ್ಧ. ಅಂಚಿಗೊಂದಿಷ್ಟು ಮಿಂಚಿನ ಪುಡಿ ಉದುರಿಸಿಬಿಟ್ಟರೆ ಎ ಪ್ಲಸ್‌ಗೆ ಮೋಸವಿರಲಿಲ್ಲ.

ಆ ಎ ಪ್ಲಸ್ ಅಂದರೆ ಕೊಟ್ರೇಶನಿಗೆ ಪ್ರಾಣ. ಯಾಕೆಂದರೆ ಪುಣ್ಯಾತ್ಮ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಡುಮ್ಕಿ ಹೊಡೆದವನು. ಮೂರನೇ ಸಲ ಅವರಪ್ಪ ಹನುಮಂತಪ್ಪ ಮಾರ್ಕ್ಸ್ ಕಾರ್ಡನ್ನು ನೀರೊಲೆಗೆ ಹಾಕಿ, "ಇದ್ರಾಗೆ ನಿನ್ ಹೆಸರೈತೆ ಅನ್ನೋದೇ ನಂಗೆ ನಾಚಿಕೆ" ಅಂದಿದ್ದರು. ಅಪ್ಪ ಹೋಗಿ ಹತ್ತು ವರ್ಷವಾದರೂ ಆ ಮಾತು ಮಾತ್ರ ಹೋಗಿಲ್ಲ. ಅದಕ್ಕೇ ಪರರ ಮಕ್ಕಳ ಹೆಸರಲ್ಲಿ ಬಂದ ಒಂದೊಂದು ಎ ಪ್ಲಸ್‌ಗೂ ಕ್ಯಾಲೆಂಡರಿನ ಬೆನ್ನಿಗೆ ಒಂದು ಗೀಟು ಎಳೆದು, ಯಾರಿಗೂ ಹೇಳದೆ ಖುಷಿಪಡುತ್ತಿದ್ದ.

"ಮಾಮ, ಸಿ ಬಂತು," ಎಂದು ಅರ್ಪಿತಾ ಚಾರ್ಟಿನ ಸುರುಳಿಯನ್ನು ಮೇಜಿನ ಮೇಲಿಟ್ಟಾಗ ಅವನಿಗೆ ಮೈಯೆಲ್ಲ ಉರಿದುಹೋಯಿತು.

"ಸಿ? ನಂಗಾ? ಮೂರು ಬಣ್ಣದ ಬಾರ್ಡರ್ ಹಾಕೀನಿ! ಯಾವ ಮೇಡಂ ಅದು?"

"ವಿಜಯಶ್ರೀ ಮೇಡಂ. ಜಗಳೂರ್ ಕಡೆಯೋರು, ಈ ವರ್ಷ ಬಂದಾರೆ."

"ಜಗಳೂರ್ನೋರಾ! ನಮ್ಮ ತಾಲ್ಲೂಕಿನ ಚಾರ್ಟ್ ನೋಡಾಕೆ ಅವರಿಗೇನ್ ಗೊತ್ತೈತೆ? ನಡಿ, ಕೇಳೇಬಿಡಾನ."

ಶಟರ್ ಅರ್ಧಕ್ಕೆ ಎಳೆದು, ಚಾರ್ಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟ. ಸ್ಟಾಫ್ ರೂಮಿನ ಬಾಗಿಲಲ್ಲಿ ಜೋರು ಸ್ವಲ್ಪ ಇಳಿಯಿತು. ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಹೋದ, ಪಾಪ.

"ನಾನು ಈ ಹುಡುಗಿ ಮಾಮ ಆಗ್ಬೇಕ್ರಿ," ಎಂದ. "ಇಷ್ಟ್ ಚೆಂದದ ಚಾರ್ಟಿಗೆ ಸಿ ಯಾಕ್ರೀ?"

ವಿಜಯಶ್ರೀ ಮೇಡಂ ಮೇಜಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. "ಸುತ್ತೋಲೆ ಓದ್ರಿ. ಇನ್ಮೇಲೆ ಪ್ರಾಜೆಕ್ಟಿನ ಚೆಂದಕ್ಕೆ ಮಾರ್ಕ್ಸ್ ಇಲ್ಲ. ಮಕ್ಳನ್ನ ಪ್ರಶ್ನೆ ಕೇಳಿ, ತಿಳಿದಿದ್ರೆ ಮಾತ್ರ ಗ್ರೇಡ್. ಪೇಪರ್‌ನಾಗೂ ಬಂದಿತ್ತಲ್ಲ."

ಕೊಟ್ರೇಶ ಹಾಳೆಯನ್ನು ನೋಡಿದ. ಬಲಗಡೆ ಮೇಲಿಂದ ಕೆಳಗೆ ಒಂದು ಕರಿ ಗೆರೆ. ಅಯ್ಯೋ, ಅದು ಅವನ ಮಿಷನ್ನಿನದೇ ಗೆರೆ! ಹೆಡ್ ಮಾಸ್ತರ್ ರೇಣುಕಪ್ರಸಾದ್ ಹೋದ ತಿಂಗಳು ತಂದುಕೊಟ್ಟಿದ್ದ ಆ ಸುತ್ತೋಲೆಗೆ ಮೂವತ್ತು ಪ್ರತಿ ತೆಗೆದವನು ತಾನೇ. ಒಂದು ಸಾಲನ್ನಾದರೂ ಓದಿದ್ದನೇ? ಎಲ್ಲಿಯ ಮಾತು.

"ಇರ್ಲಿ, ಅವಳಿಗೆ ಉತ್ತರ ಬರ್ಲಿಲ್ಲ, ಒಪ್ತೀನಿ," ಎಂದ. "ಆದ್ರೆ ಚಾರ್ಟಿನಾಗೆ ತಪ್ಪೇನೈತೆ?"

"ಸಾಸ್ವೆಹಳ್ಳಿ ಯಾವ ತಾಲ್ಲೂಕು?"

ಕೊಟ್ರೇಶ ಕಂಕುಳಿನ ಚಾರ್ಟನ್ನು ಇನ್ನಷ್ಟು ಒತ್ತಿ ಹಿಡಿದ.

ಅದರ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದಾಗ ಕೊಟ್ರೇಶ ಮನೆಯಲ್ಲಿ ಕೂತು ಹೊಸ ನಕ್ಷೆ ಬರೆದಿದ್ದ. ಸವಳಂಗ ಬಂತು, ಸೂರಗೊಂಡನಕೊಪ್ಪ ಬಂತು. ಹೆಂಡತಿ ಪ್ರಮೀಳಾ ಇಣುಕಿ, "ನಮ್ಮೂರು ಸಾಸ್ವೆಹಳ್ಳಿ ಎಲ್ರೀ?" ಎಂದಳು. ಅದು ಹೊನ್ನಾಳಿಯಲ್ಲೇ ಉಳಿಯಿತು ಅಂದದ್ದೇ ತಡ, "ನನ್ ತವರನ್ನ ಹೊರಗ್ ಹಾಕಿದ್ರಾ?" ಎಂದು ಮುಖ ಊದಿಸಿಕೊಂಡಳು. ಮೂರು ಹೊತ್ತೂ ಉಪ್ಪಿಟ್ಟು, ಅದೂ ಒಗ್ಗರಣೆಯಿಲ್ಲದ್ದು. ಮೂರನೇ ದಿನ ಕೊಟ್ರೇಶ ಹಸಿರು ಸ್ಕೆಚ್ ಪೆನ್ನಿನಿಂದ ಗಡಿಯನ್ನು ಎಳೆದು ಸಾಸ್ವೆಹಳ್ಳಿಯನ್ನು ಒಳಗೆ ಸೇರಿಸಿದ. ಅವತ್ತು ಮುದ್ದೆ, ಕಾಳುಸಾರು. ಅಲ್ಲಿಂದೀಚೆಗೆ ಆ ನಕ್ಷೆಯನ್ನೇ ಎಲ್ಲರಿಗೂ ಬರೆದು ಕೊಡುತ್ತ ಬಂದ. ಮೇಷ್ಟ್ರುಗಳು ಮಿಂಚಿನ ಪುಡಿ ನೋಡಿ ಸಹಿ ಹಾಕಿದರೇ ಹೊರತು ಗಡಿ ನೋಡಲಿಲ್ಲ.

"ಹೋದ ವರ್ಷ ಸಮೀಕ್ಷೆಗೆ ನನ್ನನ್ನ ಸಾಸ್ವೆಹಳ್ಳಿಗೇ ಹಾಕಿದ್ರು," ಎಂದರು ಮೇಡಂ. "ಮನೆಮನೆ ಸುತ್ತಿ ಹೊನ್ನಾಳಿ ತಾಲ್ಲೂಕು ಅಂತ ಬರ್ದು ಬರ್ದು ಕೈ ಸೋತಿತ್ತು. ಇಲ್ಲಿ ನೋಡಿದ್ರೆ ಹನ್ನೊಂದು ಮಕ್ಕಳ ಚಾರ್ಟಿನಾಗೆ ಅದು ನ್ಯಾಮತಿಗೆ ಬಂದು ಕೂತೈತೆ! ಹನ್ನೊಂದೂ ಒಂದೇ ಕೈ. ಯಾರ್ದದು?"

ಅರ್ಪಿತಾ ಮಾಮನ ಮುಖ ನೋಡಿದಳು. ಕೊಟ್ರೇಶ ನೆಲ ನೋಡಿದ. "ನಂದೇ ರೀ," ಎಂದ ಕೊನೆಗೆ. "ಆದ್ರೆ ನಂಗೆ ಗೊತ್ತಿಲ್ದೆ ಬರ್ದಿದ್ದಲ್ಲ ಮೇಡಂ. ನಮ್ಮ ತಾಲ್ಲೂಕು ನಂಗೆ ಕಣ್ ಮುಚ್ಚಿದ್ರೂ ಗೊತ್ತೈತೆ. ಸಿ ಮಾತ್ರ ಅನ್ಬೇಡ್ರಿ."

ಮೇಡಂ ಎರಡು ಬಿಳಿ ಹಾಳೆ ತೆಗೆದರು. "ಇಬ್ರೂ ಕೂತ್ಕೊಳ್ರಿ. ತಾಲ್ಲೂಕಿನ ನಕ್ಷೆ ನೋಡ್ದೆ ಬರೀರಿ."

ಪಕ್ಕದ ಕೋಣೆಯ ಏಳನೇ ಕ್ಲಾಸಿನ ಬೆಂಚಿನಲ್ಲಿ ಕೊಟ್ರೇಶನ ಮೊಣಕಾಲು ಹಿಡಿಸಲಿಲ್ಲ, ಅಡ್ಡಕ್ಕೆ ಕೂತ. ಬಣ್ಣವಿಲ್ಲ, ಬಾರ್ಡರಿಲ್ಲ, ಬರೀ ಪೆನ್ಸಿಲ್ಲು. ಊರುಗಳನ್ನು ಒಂದೊಂದಾಗಿ ಬರೆದ. ಅರ್ಪಿತಾ ಪಿಸುಮಾತಲ್ಲಿ "ಮಾಮ, ಸವಳಂಗ ಯಾವ್ ಕಡೆ?" ಎಂದರೆ, "ನಿಂದು ನೀನ್ ಬರಿ!" ಎಂದು ಗದರಿ ಹಾಳೆಗೆ ಕೈ ಅಡ್ಡ ಹಿಡಿದ. ಗಡಿ ಎಳೆಯುವಾಗ ಮಾತ್ರ ಪೆನ್ಸಿಲ್ ನಿಂತಿತು. ಕಣ್ಣ ಮುಂದೆ ಒಗ್ಗರಣೆಯಿಲ್ಲದ ಉಪ್ಪಿಟ್ಟು ಬಂತು. ಆದದ್ದಾಗಲಿ ಎಂದು ಸಾಸ್ವೆಹಳ್ಳಿಯನ್ನು ಹೊರಗೇ ಬಿಟ್ಟ.

ಮೇಡಂ ಹಾಳೆ ನೋಡಿದರು. "ದಿಕ್ಕು ತೋರ್ಸೋ ಬಾಣ ಹಾಕಿಲ್ಲ. ಬಿ ಪ್ಲಸ್." ಕೆಂಪು ಪೆನ್ನಿನಿಂದ ಗ್ರೇಡ್ ಬರೆದು, ಮೇಲೆ ಹೆಸರನ್ನೂ ಕೇಳಿ ಬರೆದರು: ಕೊಟ್ರೇಶ್ ಹೆಚ್. ಅರ್ಪಿತಾಳ ಸಿ ಕೂಡ ಬಿ ಆಯಿತು. ಅವಳು ಸವಳಂಗವನ್ನು ತಾನೇ ಹುಡುಕಿ ಬರೆದಿದ್ದಳು.

ಅಂಗಡಿಗೆ ಬಂದವನೇ ಆ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ. ಮಾಡಿಸುವುದೇನು ಬಂತು, ಮಿಷನ್ ಅವನದೇ. ಸಂಜೆ ಅದನ್ನು ಮನೆಗೆ ತಂದು, ಅಪ್ಪನ ಫೋಟೋದ ಕೆಳಗೆ ಮೊಳೆ ಹೊಡೆಯಲು ಸ್ಟೂಲ್ ಹತ್ತಿದ್ದ. ಅಷ್ಟರಲ್ಲಿ ಪ್ರಮೀಳಾ ಬಂದು ಹಾಳೆಯನ್ನು ಕೈಗೆತ್ತಿಕೊಂಡಳು.

ಅವಳ ಬೆರಳು ನೇರವಾಗಿ ಗಡಿಗೆ ಹೋಯಿತು. ಹುಬ್ಬು ಗಂಟಿಕ್ಕಿತು. ಸ್ಟೂಲಿನ ಮೇಲೆ ಕೊಟ್ರೇಶ ಎತ್ತಿದ್ದ ಸುತ್ತಿಗೆಯನ್ನು ಕೆಳಗಿಳಿಸಿದ. ಬೆರಳು ಅಲ್ಲಿಂದ ನಿಧಾನವಾಗಿ ಮೇಲಕ್ಕೆ, ಕೆಂಪು ಅಕ್ಷರದ ಕಡೆ ಸರಿಯಿತು.

"ಇದು ನಿಮ್ ಹೆಸರಲ್ರೀ?"

"ನಂದೇ."

"ಪಾಸಾ?"

"ಹ್ಞೂಂ. ಬಿ ಪ್ಲಸ್."

ಪ್ರಮೀಳಾ ಹಾಳೆಯನ್ನು ಸೆರಗಿನಿಂದ ಒರೆಸಿ ಅವನ ಕೈಗೆ ಕೊಟ್ಟಳು. "ಇನ್ನೊಂಚೂರು ಮ್ಯಾಲೆ ಹೊಡೀರಿ, ಮಾವನೋರಿಗೂ ಕಾಣ್ಲಿ," ಎಂದಳು. "ನಮ್ಮೂರು ಹೊನ್ನಾಳಿಲೇ ಇರ್ಲಿ ಬಿಡ್ರಿ."